ಸೇತುವೆಯ ಸಾಲಿನಲ್ಲಿ ಲೋಕದ ಸಂಸತ್ತಿಗೆ ಸಹಿ

"ಗೆರೆ ಎಳೆಯೋಕೆ ನಾನೇನು ಗಡಿ ಅಳೆಯೋಳಾ? ಬೇಕಾದ್ರೆ ನೀವೇ ಎಳೀರಿ, ಡಾಕ್ಟ್ರೇ!"

"ಪೆತ್ರೋನಾ, ಕೂಗಾಡ್ಬೇಡಿ. ಬರೀ ನಾನೂರ ಮೂವತ್ತೊಂದು ಹೆಸರು. ಸ್ಕೇಲ್ ಇಟ್ಟು ಎಳೆದ್ರೆ ಒಂದು ಗಂಟೆ ಕೆಲಸ."

"ಹೊಡೆದುಹಾಕೋಕೆ ಒಂದು ಗಂಟೆ. ಬರೆಸೋಕೆ ಎಷ್ಟು ದಿನ ಹಿಡೀತು ಅಂತ ಕೇಳಿದ್ರಾ?"

ಪೋಸಾದಾಸ್ ಊರಿನ ಗ್ರಂಥಾಲಯದ ಹಿಂದಿನ ಸಣ್ಣ ಕೋಣೆ. ಲೋಕಕ್ಕೆಲ್ಲ ಜನರೇ ಆರಿಸಿದ ಒಂದು ಸಂಸತ್ತು, ಒಂದು ಒಕ್ಕೂಟ ಸರ್ಕಾರ ಬೇಕು ಎನ್ನುವವರ ಸಮಿತಿ ಇಲ್ಲಿ ಸೇರುತ್ತದೆ. ಮೇಜಿನ ಈ ಕಡೆ ಪೆತ್ರೋನಾ ಬರೇಯ್ರೋ, ವಯಸ್ಸು ಐವತ್ತೆಂಟು, ಚಿಪಾ ರೊಟ್ಟಿ ಮಾರುವಾಕೆ. ಆ ಕಡೆ ಕಾರ್ಯದರ್ಶಿ ಓಲೆಗಾರಿಯೋ ಶ್ಮಿತ್. ಇಲ್ಲಿ ವಕೀಲರನ್ನೂ ಡಾಕ್ಟ್ರು ಎಂದೇ ಕರೆಯುವುದರಿಂದ ಎಲ್ಲರ ಬಾಯಲ್ಲೂ ಡಾಕ್ಟ್ರು. ನಡುವೆ ಸಾವಿರದ ನೂರ ನಲವತ್ತು ಸಹಿಗಳ ಕಟ್ಟು, ಒಂದು ಕೆಂಪು ಪೆನ್ನು.

ಜಗಳದ ಬೇರು ಹುಡುಕಬೇಕಾದರೆ ಬೆಳಗಿನ ಐದಕ್ಕೆ ಸೇತುವೆಯ ಬುಡಕ್ಕೆ ಹೋಗಬೇಕು.

ನದಿಯ ಮೇಲೆ ಇನ್ನೂ ಮಂಜು. ಆಚೆ ದಡ ಪರಾಗ್ವೆ, ಈಚೆ ದಡ ಅರ್ಜೆಂಟೀನಾ. ಗಡಿ ದಾಟುವವರ ಸಾಲು ಆಗಲೇ ಬಸ್ ನಿಲ್ದಾಣದವರೆಗೆ ಬೆಳೆದಿದೆ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ನೂರ ಇಪ್ಪತ್ತು ಬಿಸಿ ಚಿಪಾ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು. ಪೆತ್ರೋನಾ ಬಂದರೆಂದರೆ ಹತ್ತಾರು ಹೆಂಗಸರು ಗಂಟುಮೂಟೆ ಕೆಳಗಿಟ್ಟು ಸುತ್ತ ನಿಲ್ಲುತ್ತಾರೆ. ಪೆತ್ರೋನಾ ಸೋರೆಬುರುಡೆಗೆ ಚಹದಂಥ ಯೆರ್ಬಾ ಸೊಪ್ಪು ಹಾಕಿ ಬಿಸಿನೀರು ಹೊಯ್ಯುತ್ತಾರೆ. ಬುರುಡೆ ಕೈಯಿಂದ ಕೈಗೆ ಹೋಗುತ್ತದೆ. ಹೀರಲು ಎಲ್ಲರಿಗೂ ಒಂದೇ ಕೊಳವೆ. ಬುರುಡೆಯ ಹಿಂದೆಯೇ ಸಹಿಯ ಹಾಳೆ. ಕುಡಿದವಳು ಓದುತ್ತಾಳೆ, ಒಪ್ಪಿದರೆ ಸಹಿ ಹಾಕುತ್ತಾಳೆ, ಒಪ್ಪದಿದ್ದರೆ ಪಕ್ಕದವಳಿಗೆ ದಾಟಿಸುತ್ತಾಳೆ. ದಿನಕ್ಕೆ ಹದಿನೈದು ಸಹಿ ಬಿದ್ದರೆ ಬಹಳ ಆಯಿತು.

"ಏ ಪೆತ್ರೋನಾ, ನಿನ್ನ ಲೋಕದ ಸರ್ಕಾರ ಬಂದ್ರೆ ಈ ಸಾಲೇ ಇರಲ್ಲ. ಆಮೇಲೆ ನಿನ್ನ ಚಿಪಾ ಯಾರು ತಿಂತಾರೆ?" ಎಂದು ಕೆಣಕುತ್ತಾಳೆ ಆಚೆ ದಡದ ತರಕಾರಿಯಾಕೆ ಕ್ರಿಸ್ಪೀನಾ.

"ಸಾಲು ಎಲ್ಲಿ ಹೋಗತ್ತೆ, ಮಾರಾಯ್ತಿ! ಸರ್ಕಾರ ಒಂದು ಜಾಸ್ತಿ ಆದ್ರೆ ಸಾಲೂ ಒಂದು ಜಾಸ್ತಿ."

ನಗು ನಿಂತ ಮೇಲೆ ಪೆತ್ರೋನಾ ವಿಷಯಕ್ಕೆ ಬರುತ್ತಾರೆ. "ಚಿಪಾಗೆ ಉಪ್ಪು ಎಷ್ಟು ಹಾಕ್ಬೇಕು ಅಂತ ಲೋಕದ ಸರ್ಕಾರ ಹೇಳೋದು ಬೇಡ. ಊರಿನದು ಊರಿಗೆ, ದೇಶದ್ದು ದೇಶಕ್ಕೆ. ಯಾವ ದೇಶಾನೂ ನಂದಲ್ಲ ಅಂತ ಕೈ ತೊಳ್ಕೊಳತ್ತಲ್ಲ, ಅದನ್ನ ಕೇಳೋಕೆ ನಾವೇ ಓಟು ಹಾಕಿ ಕಳ್ಸಿದೋರು ಇರ್ಬೇಕು. ಅಷ್ಟೇ."

ಈ ಮಾತನ್ನು ಅವರು ಪುಸ್ತಕದಿಂದ ಕಲಿತದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅವರ ತಂಗಿ ರಮೋನಾ ಕೂತಿದ್ದ ದೋಣಿಗೆ ನದಿಯ ನಡುವೆ ಮರಳಿನ ದೊಡ್ಡ ದೋಣಿ ಗುದ್ದಿತು. ಈ ದಡದ ಕಚೇರಿಯವರು "ಗಡಿಗೆರೆಯ ಆಚೆ ಆಗಿದ್ದು" ಎಂದರು. ಆ ದಡದವರು "ಅಲ್ಲ, ಗೆರೆಯ ನಿಮ್ಮ ಕಡೆಯೇ" ಎಂದರು. ಎರಡೂ ಕಡೆ ದೂರೇ ದಾಖಲಾಗಲಿಲ್ಲ. "ನನ್ನ ತಂಗಿ ಯಾವ ದೇಶದಲ್ಲಿ ಸತ್ತಳು ಅಂತ ಇವತ್ತಿಗೂ ಯಾರೂ ಹೇಳಿಲ್ಲ" ಎನ್ನುವಾಗ ಪೆತ್ರೋನಾ ಅಳುವುದಿಲ್ಲ, ಚಿಪಾ ಎಣಿಸುತ್ತಿರುತ್ತಾರೆ.

ಹನ್ನೊಂದು ವರ್ಷದಿಂದ ಸಮಿತಿಯ ಕೋಣೆಯ ಬೀಗದ ಕೈ ಅವರ ಬಳಿಯೇ. ಗುಡಿಸುವುದು, ಕುರ್ಚಿ ಹಾಕುವುದು, ಸಹಿ ತರುವುದು, ಎಲ್ಲ ಅವರದೇ. ಭಾಷಣಕ್ಕೆ ಮಾತ್ರ ಬೇರೆಯವರು. ಪತ್ರಿಕೆಯಲ್ಲಿ ಬಂದ ಫೋಟೊಗಳಲ್ಲಿ ಪೆತ್ರೋನಾ ಒಂದರಲ್ಲೂ ಇಲ್ಲ.

ಈ ಸಲದ ಮನವಿ ಅರ್ಜೆಂಟೀನಾದ ಸಂಸತ್ತಿಗೆ: ಲೋಕದ ಸಂಸತ್ತನ್ನು ಬೆಂಬಲಿಸಿ ಎಂದು. ಅದಕ್ಕೆ ಅರ್ಜೆಂಟೀನಾದವರದೇ ಸಹಿ ಬೇಕು. ಆದರೆ ಬುರುಡೆ ಸುತ್ತುವಾಗ ನೀನು ಯಾವ ದಡದವಳು ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅವಮಾನ. ಪೆತ್ರೋನಾ ಕೇಳಲಿಲ್ಲ. ಎರಡೂ ದಡ ಒಂದೇ ಹಾಳೆಯಲ್ಲಿ ಬೆರೆತವು. ವಿಳಾಸ ನೋಡಿ ಡಾಕ್ಟ್ರು ಎಣಿಸಿದಾಗ ಆಚೆ ದಡದವು ನಾನೂರ ಮೂವತ್ತೊಂದು.

ಕಾನೂನಿನ ಪ್ರಕಾರ ಡಾಕ್ಟ್ರ ಮಾತು ಸರಿಯೇ. ಸರಿಯಾಗಿರುವುದೇ ಮೈ ಉರಿಸುತ್ತದೆ. ಲೋಕವೆಲ್ಲ ಒಂದೆಂದು ಬರೆದ ಕಾಗದದಲ್ಲಿ ನದಿಯಾಚೆಯ ಹೆಂಗಸಿಗೆ ಜಾಗವಿಲ್ಲ!

"ಶುಕ್ರವಾರ ಕೊನೇ ದಿನ" ಎಂದು ಡಾಕ್ಟ್ರು ಪೆನ್ನನ್ನು ಮುಂದೆ ತಳ್ಳುತ್ತಾರೆ. "ಆಚೆಯವರ ಹೆಸರು ಇದ್ರೆ ಇಡೀ ಕಟ್ಟು ವಾಪಸ್ ಬರತ್ತೆ. ಏಳ್ನೂರ ಒಂಬತ್ತು ಜನರ ಸಹಿ ದಂಡ ಮಾಡ್ತೀರಾ?"

ಪೆತ್ರೋನಾ ಪೆನ್ನನ್ನು ಹಿಂದಕ್ಕೆ ತಳ್ಳುತ್ತಾರೆ.

"ತಪ್ಪು ನಂದೇ. ಮತ್ತೆ ಬರೆಸ್ತೀನಿ. ಎರಡು ಹಾಳೆ, ಎರಡು ದೇಶದ ಸಂಸತ್ತಿಗೆ. ಆದ್ರೆ ಕ್ರಿಸ್ಪೀನಾ ಹೆಸರಿನ ಮೇಲೆ ಗೆರೆ ಎಳೆಯಲ್ಲ. ಆ ಗೆರೆ ಒಂದ್ಸಲ ನೋಡಿದೀನಿ ನಾನು."

"ಶುಕ್ರವಾರಕ್ಕೆ ಆಗಲ್ಲ, ಪೆತ್ರೋನಾ."

"ಬೇಡ. ಮುಂದಿನ ವರ್ಷ ಶುಕ್ರವಾರ ಬರಲ್ವಾ?"

ಕಟ್ಟನ್ನು ಎದೆಗವಚಿಕೊಳ್ಳುತ್ತಾರೆ. ಬೀಗದ ಕೈಯನ್ನು ಕೆಂಪು ಪೆನ್ನಿನ ಪಕ್ಕದಲ್ಲಿಟ್ಟು ಹೊರನಡೆಯುತ್ತಾರೆ.

ಇದಾಗಿ ಮೂರು ವಾರ. ಸೇತುವೆಯ ಬುಡದಲ್ಲಿ ಈಗ ಬುರುಡೆಯ ಹಿಂದೆ ಎರಡು ಹಾಳೆ ಸುತ್ತುತ್ತವೆ. ಮೇಲೆ ಬರೆದ ಬೇಡಿಕೆ ಎರಡರಲ್ಲೂ ಒಂದೇ. ಯಾವುದು ಯಾರದೆಂದು ಪೆತ್ರೋನಾ ಈಗಲೂ ಕೇಳುವುದಿಲ್ಲ, ಅವರವರೇ ಆರಿಸಿಕೊಳ್ಳುತ್ತಾರೆ. ಇವತ್ತಿಗೆ ಇನ್ನೂರ ತೊಂಬತ್ತಾರು ಸಹಿ.

ಗ್ರಂಥಾಲಯದ ಹಿಂದಿನ ಕೋಣೆಯನ್ನು ಯಾರೂ ಗುಡಿಸಿಲ್ಲ. ಬೀಗದ ಕೈ ಮೇಜಿನ ಮೇಲೆಯೇ ಇದೆ.