ಒಂಟಿಗಣ್ಣಕ್ಕ ಬೇಡವೆಂದ ಲೆನ್ಸ್

ಮೊದಲ ನೋಟಕ್ಕೇ ಬೆಲೆ ಕಟ್ಟುವುದಾದರೆ ಒಂಟಿಗಣ್ಣಕ್ಕನಿಗೆ ಯಾರೂ ಹೆಚ್ಚು ಕೊಡಲಾರರು. ಗಿಡ್ಡ ಆಳು, ಬಾಗಿದ ಬೆನ್ನು, ಬಂದ ಗಿರಾಕಿ ಎದ್ದು ಓಡಬೇಕು ಅಂಥ ನಾಲಿಗೆ. ಕೈ ಮಾತ್ರ ಬೇರೆಯೇ ಸರಕು: ಸಾಸಿವೆ ಕಾಳಿನಷ್ಟು ಸ್ಕ್ರೂ ಕೂಡ ಆ ಬೆರಳುಗಳ ಮಾತು ಕೇಳುತ್ತಿತ್ತು. ಕಣ್ಣು ಎರಡೂ ನೆಟ್ಟಗೇ ಇದ್ದವು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿಕೊಂಡೇ ದಿನವಿಡೀ ಲೆನ್ಸ್ ರಿಪೇರಿಗೆ ಕೂರುತ್ತಾಳೆಂದು ಬೀದಿಯವರು ಆ ಹೆಸರಿಟ್ಟಿದ್ದರು.

ಹಳೆಯ ಕ್ಯಾಮೆರಾ ಮಾರುವ ವ್ಯಾಪಾರಿ ತನ್ನ ಅಂಗಡಿಗೆ ಬಂದ ಲೆನ್ಸುಗಳನ್ನೆಲ್ಲ ಮೊದಲು ಅವಳ ಮೇಜಿನ ಮೇಲಿಡುತ್ತಿದ್ದ. ಅವಳು ಟಾರ್ಚ್ ಬಿಟ್ಟು ನೋಡಿ, ‘ಬಿಚ್ಚಬಹುದು’ ಎನ್ನುತ್ತಿದ್ದಳು, ಇಲ್ಲವೇ ‘ಬಿಚ್ಚೋದು ದಂಡ’. ಒಮ್ಮೆ ಬಿಚ್ಚಿದ ಗಾಜು ಮೊದಲಿನ ಹಾಗೆ ಕೂರುವುದು ಅನುಮಾನ. ಸುಮ್ಮಸುಮ್ಮನೆ ಕೈ ಹಾಕುವವಳಲ್ಲ. ದಂಡ ಎಂದದ್ದನ್ನು ವ್ಯಾಪಾರಿ ಮರುಮಾತಿಲ್ಲದೆ ಒಡೆದು ಬಿಡಿಭಾಗಗಳ ಡಬ್ಬಕ್ಕೆ ಹಾಕುತ್ತಿದ್ದ.

ಈಚೆಗೆ ಎರಡು ಲೆನ್ಸುಗಳು ಹಾಗೆಯೇ ಹೋದವು. ಮೂರನೆಯದು ಹಿತ್ತಾಳೆ ಮೈಯದು, ಕೈ ಜಗ್ಗುವಷ್ಟು ಭಾರ, ಈಗ ಯಾರೂ ಮಾಡದ ಮಾಲು. ಅದಕ್ಕೂ ಅವಳು ಮೂಗು ಮುರಿದಳು.

“ಒಳಗೆಲ್ಲ ಮಬ್ಬು. ಗಾಜೇ ಹಾಳಾಗಿದೆ. ಒಡೆದುಬಿಡಿ.”

ವ್ಯಾಪಾರಿಯ ತಲೆಗೆ ಹುಳ ಹೊಕ್ಕಿತು. ಸ್ಟುಡಿಯೋ ಮುಚ್ಚಿದವನೊಬ್ಬ ಈ ಲೆನ್ಸನ್ನು ಮಾರುವಾಗ, ಹಿಂದಿನ ವಾರ ಇದರಲ್ಲೇ ತೆಗೆದ ಮೊಮ್ಮಗಳ ಫೋಟೋ ತೋರಿಸಿದ್ದ. ರೆಪ್ಪೆಯ ಕೂದಲು ಎಣಿಸಬಹುದಿತ್ತು. ವ್ಯಾಪಾರಿಗಳಿಗೆ ಮೊದಲು ಹೊಳೆಯುವುದೇ ಇವನಿಗೂ ಹೊಳೆಯಿತು: ಬೆಲೆ ಇಳಿಸಿ ತಾನೇ ಹೊಡೆದುಕೊಳ್ಳುವ ಲೆಕ್ಕಾಚಾರ ಇವಳದು.

“ಏನಕ್ಕ, ಗಿರಾಕಿ ಗೊತ್ತುಮಾಡ್ಕೊಂಡಿದ್ದೀರಾ?”

“ಇದಕ್ಕಾ? ಕಾಗದ ಹಾರದ ಹಾಗೆ ಮೇಲಿಡೋಕಾದ್ರೆ ನಾನೇ ತಗೋತೀನಿ.”

“ನೋಡಿದ್ರಾ, ನಿಜ ಬಂತಲ್ಲ ಬಾಯಿಗೆ!”

“ನಿಮ್ಮ ಅನುಮಾನಕ್ಕೆ ಬೆಂಕಿ ಹಾಕ! ತಗೊಳ್ಳಿ, ನೀವೇ ನೋಡಿ.”

ಇಷ್ಟು ವರ್ಷದ ವ್ಯಾಪಾರದಲ್ಲಿ ಅವನು ಲೆನ್ಸಿನೊಳಗೆ ಇಣುಕಿದ್ದು ಅದೇ ಮೊದಲು. ಕಿಟಕಿಗೆ ಹಿಡಿದ. ಎದುರಿನ ಗೋಡೆ ತಲೆಕೆಳಗಾಗಿ, ಆದರೆ ಇಟ್ಟಿಗೆಯ ಒಂದು ಸಂದೂ ಬಿಡದೆ ಕಂಡಿತು.

“ನೀರಿನ ಹಾಗಿದೆಯಲ್ಲ ಅಕ್ಕ!”

ಒಳಗಿನಿಂದ ಅಕ್ಕನ ಸೊಸೆ ದನಿ ಸೇರಿಸಿದಳು. “ಹೋದ ತಿಂಗಳಿಂದ ಸೂಜಿಗೆ ದಾರ ಪೋಣಿಸೋಕೂ ನನ್ನೇ ಕರೀತಾರೆ. ಕೇಳಿದ್ರೆ ಸೂಜಿ ಸರಿಯಿಲ್ವಂತೆ.”

“ಈಗಿನ ಸೂಜಿಗಳ ಹಣೆಬರಹವೇ ಅಷ್ಟು,” ಎಂದಳು ಅತ್ತೆ.

ವ್ಯಾಪಾರಿ ಲೆನ್ಸನ್ನು ಮತ್ತೆ ಅವಳ ಮುಂದಿಟ್ಟ. “ಅಕ್ಕ, ಒಂದ್ಸಲ ಎಡಗಣ್ಣಲ್ಲಿ ನೋಡಿ.”

ಗೊಣಗುತ್ತಲೇ ಭೂತಗನ್ನಡಿಯನ್ನು ಎಡಕ್ಕೆ ಸಿಕ್ಕಿಸಿಕೊಂಡಳು. ನೋಡಿದಳು. ಬಲಗಣ್ಣಿಗೆ ಬದಲಾಯಿಸಿದಳು. ಮತ್ತೆ ಎಡಗಣ್ಣು. ಆಮೇಲೆ ಲೆನ್ಸನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು.

“ಮಬ್ಬು ಇದರಲ್ಲಿಲ್ಲ.”

“ಪೊರೆ ಬಂದಿರಬೇಕು ಅತ್ತೆ. ಡಾಕ್ಟರು ಅದನ್ನ ತೆಗೆದು ಹೊಸ ಲೆನ್ಸ್ ಕೂರಿಸ್ತಾರೆ.”

“ಸುಲಭವಾಗಿ ಹೇಳ್ತೀಯ. ಬಿಚ್ಚಿದ್ದು ಸರಿಯಾಗಿ ಕೂರದಿದ್ರೆ? ಈ ಕಣ್ಣೇ ಹೋದ್ರೆ ಈ ಮೇಜಿನ ಮುಂದೆ ಕೂತು ನಾನೇನು ಮಾಡ್ಲಿ?”

“ಈಗ ಮಾಡ್ತಿರೋದೇನು? ಒಳ್ಳೇ ಸಾಮಾನು ಒಡೆಸ್ತಿದ್ದೀರಿ.”

ಅಂದ ಮೇಲೆ ಸೊಸೆಯೇ ನಾಲಿಗೆ ಕಚ್ಚಿಕೊಂಡಳು. ಅಕ್ಕ ಬಟ್ಟೆಯ ಸುಕ್ಕು ಸರಿಮಾಡಿದಳು.

“ಹಿಂದಿನವೆರಡು?” ಎಂದು ವ್ಯಾಪಾರಿಯನ್ನು ಕೇಳಿದಳು.

“ಅವು ನಿಜವಾಗ್ಲೂ ಮಬ್ಬೇ ಅಕ್ಕ. ನಾನೇ ನೋಡಿದ್ದೆ.” ಲಾಭವಿಲ್ಲದೆ ಅವನು ಹೇಳಿದ ಮೊದಲ ಸುಳ್ಳು ಅದಿರಬೇಕು.

“ನೀವಾ? ನೀವು ಯಾವತ್ತು ಲೆನ್ಸ್ ನೋಡಿದ್ರಿ? ನನ್ನ ಮುಖ ನೋಡ್ಕೊಂಡು ಮಾರಿದವರು.” ಆಮೇಲೆ ಸೊಸೆಯತ್ತ ತಿರುಗಿದಳು. “ಡಾಕ್ಟರಿಗೆ ಬರ್ತೀನಿ ಅಂತ ಹೇಳು. ಊರವರ ಸಾಮಾನು ಒಡೆಸೋ ಕಣ್ಣಿಗಿಂತ ಬಿಚ್ಚಿಸ್ಕೊಂಡ ಕಣ್ಣೇ ವಾಸಿ.”

ಈಗ ಅವಳ ಕಣ್ಣಿಗೆ ಪಟ್ಟಿ ಕಟ್ಟಿದೆ. ವ್ಯಾಪಾರಿಯ ಕಪಾಟಿನಲ್ಲಿ ಲೆನ್ಸುಗಳು ಬೆಲೆ ಕಟ್ಟಿಸಿಕೊಳ್ಳದೆ ಅವಳಿಗಾಗಿ ಕಾದು ಕೂತಿವೆ. ಮಾಲು ಗುರುತಿಸುವುದರಲ್ಲಿ ಅವನ ಕಣ್ಣು ಬಲು ಸೂಕ್ಷ್ಮ ಎಂದು ಗಿರಾಕಿಗಳು ಹೊಗಳುತ್ತಾರೆ. ಆ ಕಣ್ಣು ಅವಳದು. ಅವನಿಗೆ ಬಂದ ಹೆಸರೂ ಅವಳಿಗೇ ಸಲ್ಲಬೇಕಾದದ್ದು.