ಏಳರ ಕೆಳಗಿನ ನಾಲ್ಕು

ಸಕಾತೆಕಾಸ್ ಊರಿನಲ್ಲಿ ದಾರ, ಗುಂಡಿ ಮಾರುವ ಒತಿಲಿಯ ಸೆಂದೇಹಾಸ್ ಪಟ್ಟು ಹಿಡಿದರೆ ಬಿಡುವ ಪೈಕಿಯಲ್ಲ. ಅವಳ ಪಟ್ಟೆಲ್ಲ ಒಂದು ಹಳೆಯ ಬೆಳ್ಳಿ ನಾಣ್ಯದ ಮೇಲೆ. ಇದೇ ಊರಿನ ಹಳೇ ಟಂಕಸಾಲೆಯಲ್ಲಿ ಹೊಡೆದ ಎಂಟು ರೆಯಾಲಿನ ನಾಣ್ಯ ಅದು. ಇಸವಿಯ ಕೊನೆಯ ಅಂಕಿ 7. ಆ ಏಳರ ಸೊಂಟದ ಹತ್ತಿರ ಒಂದು ಸಣ್ಣ ಉಬ್ಬು ಇಣುಕುತ್ತಿತ್ತು. ಕೆತ್ತುವವರು ಹಳೇ ಅಚ್ಚಿನಲ್ಲಿದ್ದ 4 ಅನ್ನು ಅರೆಬರೆ ಅಳಿಸಿ, ಅದರ ಮೇಲೇ 7 ಕೆತ್ತಿದ್ದಾರೆ, ಇದು ಆ ನಾಲ್ಕಿನ ತೋಳು ಎಂಬುದು ಅವಳ ವಾದ. ಅಂಥದ್ದೊಂದು ಅಚ್ಚು ಇತ್ತೆಂದು ಅದುವರೆಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಬೆಳಗ್ಗೆ ಚೌಕದ ಕಮಾನುಗಳ ಕೆಳಗೆ ಊರಿನ ನಾಣ್ಯದ ಹುಚ್ಚರು ಮೇಜು ಹಾಕಿ ಕೂರುತ್ತಾರೆ. ಅವರಿಗೆಲ್ಲ ಹಿರಿಯರು ದೋನ್ ಎವರಿಸ್ತೊ. ಅವರ ಮೇಜಿನ ಕಟ್ಟಳೆ ಒಂದೇ. ಒಂದು ನಾಣ್ಯದಲ್ಲಿ ಕಂಡ ಗುರುತು ಎಲ್ಲೋ ಬಿದ್ದ ಪೆಟ್ಟೂ ಆಗಿರಬಹುದು. ಅದೇ ಅಚ್ಚಿನ ಇನ್ನೊಂದು ನಾಣ್ಯದಲ್ಲೂ ಕಂಡರೆ ಮಾತ್ರ ಅದು ಅಚ್ಚಿನದು.

"ಒಂದು ಕಾಲಿನ ಮೇಲೆ ಮೇಜು ನಿಲ್ಲಲ್ಲ, ಒತಿಲಿಯಮ್ಮ. ಇನ್ನೊಂದು ತನ್ನಿ, ಆಮೇಲೆ ಮಾತಾಡೋಣ" ಎಂದು ಅವರು ನಗುತ್ತಿದ್ದರು.

ಆ ನಗು ಅವಳಿಗೆ ಸೂಜಿಯ ಹಾಗೆ ಚುಚ್ಚುತ್ತಿತ್ತು. ಇನ್ನೊಂದನ್ನು ಹುಡುಕಿಯೇ ತೀರುತ್ತೇನೆಂದು ಹೊರಟಳು. ಗುರುತು ಹಿಡಿಯುವ ದಾರಿ ಅವಳಿಗೆ ಗೊತ್ತಿತ್ತು. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬುಗೆರೆ ಏಳುತ್ತದೆ. ಅವಳ ನಾಣ್ಯದಲ್ಲಿ ಆ ಗೆರೆ ಅಂಚಿನಿಂದ ಹೊರಟು, ನಡುವೆ ಕೆತ್ತಿದ್ದ ಟೊಪ್ಪಿಗೆಯ ಸುತ್ತಲಿನ ಕಿರಣಗಳನ್ನು ದಾಟುತ್ತಿತ್ತು. ಅಕ್ಕಸಾಲಿಗರ ತಟ್ಟೆ, ಮುದುಕಿಯರ ಓಲೆ, ಕುದುರೆ ಜೀನಿಗೆ ಬಡಿದ ಬಿಲ್ಲೆ, ಯಾವುದನ್ನೂ ಬಿಡಲಿಲ್ಲ. ಒಂದು ಸಾವಿನ ಮನೆಯಲ್ಲಿ ಸತ್ತವನ ತಮ್ಮನ ಸೊಂಟಪಟ್ಟಿಯ ಬೆಳ್ಳಿ ಬಿಲ್ಲೆಯನ್ನೇ ಬಗ್ಗಿ ಬಗ್ಗಿ ನೋಡಿ ಅವನ ಹೆಂಡತಿಯಿಂದ ಸರಿಯಾಗಿ ಉಗಿಸಿಕೊಂಡಳು.

ವರ್ಷಗಳು ಉರುಳಿದವು. ಇನ್ನೊಂದು ಸಿಗದಿದ್ದರೂ ಕೊನೆಗೆ ಅವಳ ಪಟ್ಟಿಗೆ ಮೇಜಿನವರೇ ಸೋತರು. ತಾವು ಅಚ್ಚು ಹಾಕಿಸಲಿರುವ ಪುಸ್ತಕದಲ್ಲಿ ಆ ನಾಣ್ಯವನ್ನೂ ಸೇರಿಸುತ್ತೇವೆ, 'ಸೆಂದೇಹಾಸರ ಏಳು' ಎಂದೇ ಹೆಸರಿಡುತ್ತೇವೆ ಎಂದು ಎವರಿಸ್ತೊ ಹೇಳಿದರು. ಒತಿಲಿಯ ಎಲ್ಲರಿಗೂ ಜೋಳದ ಹಿಟ್ಟಿನ ಬಿಸಿ ಅತೋಲೆ ಕುಡಿಸಿದಳು, ಮನೆಗೆ ಹೋಗಿ ಸಂತೋಷಕ್ಕೆ ಅತ್ತಳು.

ಮುಂದಿನ ಶನಿವಾರ ಅವಳ ಅಕ್ಕನ ಮಗಳು ಎದೆಲ್ಮಿರಾಳ ಮದುವೆ. ಅಲ್ಲಿನ ಪದ್ಧತಿಯಂತೆ ವರ ತನ್ನ ಬೊಗಸೆಯಿಂದ ವಧುವಿನ ಬೊಗಸೆಗೆ ಹದಿಮೂರು ನಾಣ್ಯ ಸುರಿಯಬೇಕು. ಈ ವರನ ಅಜ್ಜಿ ತನ್ನ ಮದುವೆಯದೇ ದೊಡ್ಡ ಬೆಳ್ಳಿ ನಾಣ್ಯಗಳನ್ನು ಕೊಟ್ಟಿದ್ದಳು. ಹುಡುಗಿಯ ಪುಟ್ಟ ಕೈಗಳಿಗೆ ಅಷ್ಟು ಭಾರ ತಡೆಯಲಿಲ್ಲ. ಒಂದು ಜಾರಿ, ಇಗರ್ಜಿಯ ಕಲ್ಲುನೆಲದ ಮೇಲೆ ಉರುಳಿ ಒತಿಲಿಯಳ ಕಾಲ ಬಳಿ ಬಿತ್ತು. ಮದುವೆಯ ನಾಣ್ಯ ಬಿದ್ದರೆ ಕಣ್ಣುಮುಚ್ಚಿ ಎತ್ತಿಕೊಡಬೇಕು. ಒತಿಲಿಯ ಎತ್ತಿಕೊಂಡಳು, ಕೈಚೀಲದಿಂದ ಭೂತಗನ್ನಡಿ ತೆಗೆದು ಕಣ್ಣಿಗಿಟ್ಟಳು. ಪಾದ್ರಿ ಕೆಮ್ಮಿದರು. ವರನ ಅಜ್ಜಿ ಕೆಂಡವಾದಳು.

"ಚಿಕ್ಕಮ್ಮ, ಕೊಟ್ಬಿಡು, ಎಲ್ಲ ನೋಡ್ತಿದಾರೆ" ಎಂದು ಎದೆಲ್ಮಿರಾ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಕೊಟ್ಟಳು. ಆದರೆ ಇಸವಿಯ ಕೊನೆಯ 7, ಕಿರಣಗಳ ಕಡೆಗೆ ಏಳುವ ಗೆರೆ, ಎರಡನ್ನೂ ಕಂಡಾಗಿತ್ತು. ಊಟದ ಹೊತ್ತಿಗೆ ಹೊರಗೆ ಡೋಲು ತುತ್ತೂರಿಗಳ ಅಬ್ಬರ, ಒಳಗೆ ಕೆಂಪು ಮೆಣಸಿನ ಹಂದಿಮಾಂಸದ ಘಮಲು. ಅವಳು ಅಜ್ಜಿಯ ಕೈಕಾಲು ಹಿಡಿದು ಆ ನಾಣ್ಯವನ್ನು ಅಡುಗೆಮನೆಯ ಕಿಟಕಿಗೆ ತಂದಳು, ಪಕ್ಕದಲ್ಲಿ ತನ್ನದನ್ನಿಟ್ಟಳು.

ಅಚ್ಚು ಅದೇ, ಅನುಮಾನವಿಲ್ಲ. ಆದರೆ ಮದುವೆ ನಾಣ್ಯದ ಗೆರೆ ಅಂಚಿನ ಹತ್ತಿರವೇ ನಿಂತುಬಿಟ್ಟಿತ್ತು. ಅಂದರೆ ಬಿರುಕು ಇನ್ನೂ ಬೆಳೆಯುವ ಮೊದಲೇ ಹೊಡೆದದ್ದು ಇದು. ಅಚ್ಚಿನಲ್ಲಿ ನಾಲ್ಕು ಉಳಿದಿದ್ದರೆ ಇದರಲ್ಲಿ ಇನ್ನೂ ಚೆನ್ನಾಗಿ ಕಾಣಬೇಕಿತ್ತು. ಏಳರ ಸುತ್ತ ಬೆಳ್ಳಿ ಸಪಾಟಾಗಿತ್ತು. ಅವಳು ಇಷ್ಟು ವರ್ಷ ಪೂಜಿಸಿದ ತೋಳು ಯಾರದೋ ಕೈಯಲ್ಲಿ ತಿಂದ ಪೆಟ್ಟು. ಆ ಹದಿಮೂರು ಇನ್ನು ಗಂಟಿನಲ್ಲಿ ಸೇರಿ ಪೆಟ್ಟಿಗೆಯ ತಳ ಕಾಣುತ್ತವೆ, ಯಾರಿಗೂ ಸಿಗುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಉಳಿಯುತ್ತಿತ್ತು. ಆ ಆಸೆ ಅವಳಿಗೂ ಬಂತು, ಸುಳ್ಳೇಕೆ.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಮೇಜಿನ ಮುಂದೆ ಕೂತಿದ್ದಳು. ಎವರಿಸ್ತೊ ಬಂದೊಡನೆ ನಡೆದದ್ದನ್ನೆಲ್ಲ ಹೇಳಿ, ತನ್ನ ಏಳನ್ನು ತೆಗೆದುಹಾಕಿ ಎಂದಳು. ಅವರಿಗೆ ಅಯ್ಯೋ ಅನ್ನಿಸಿತು.

"ಪುಸ್ತಕ ಆಗಲೇ ಅಚ್ಚಿಗೆ ಕೊಟ್ಟಾಯ್ತಲ್ಲಮ್ಮ. ಆ ಅಜ್ಜಿ ಪೆಟ್ಟಿಗೇನ ಯಾರು ತೆಗೆದು ನೋಡ್ತಾರೆ? ಇರ್ಲಿ ಬಿಡಿ."

"ನಾನು ನೋಡಿದೀನಲ್ಲ, ದೋನ್ ಎವರಿಸ್ತೊ. ಈಗಲೇ ಹೋಗಿ ನಿಲ್ಲಿಸಿ. ಇಲ್ಲಾಂದ್ರೆ ನಾನೇ ಹೋಗ್ತೀನಿ."

ಮೇಜಿನಲ್ಲಿ ಯಾರೂ ನಗಲಿಲ್ಲ. ಎವರಿಸ್ತೊ ಎದ್ದು ಹೋಗಿ ಮುದ್ರಕನಿಗೆ ಫೋನು ಮಾಡಿ ಬಂದರು. ಬಂದವರು ಅಂಗಿಯ ಒಳಜೇಬಿನಿಂದ ಬಟ್ಟೆ ಸುತ್ತಿದ ಒಂದು ನಾಣ್ಯ ತೆಗೆದರು. ಅವರ ಹೆಸರಿನಲ್ಲೇ ಪುಸ್ತಕ ಸೇರಿದ್ದ, ಯಾರ ಕೈಗೂ ಕೊಡದ ನಾಣ್ಯ ಅದು. ಅದನ್ನು ಒತಿಲಿಯಳ ಮುಂದಿಟ್ಟು, ಇದನ್ನೊಂದು ಸಲ ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿ ಎಂದರು.

ಅವಳು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಮುದ್ರಕನಿಗೆ ಇನ್ನೊಂದ್ಸಲ ಫೋನು ಮಾಡಿ" ಎಂದಳು ಒತಿಲಿಯ.