ಓಣಿಯ ಕೊನೆಯ ಮನೆಗೆ ಗಿರಾಕಿ

ಜಕಾರ್ತಾದ ಹೊರವಲಯದ ನಮ್ಮ ಸಾವಂಗನ್‌ನಲ್ಲಿ ಮನೆ ಕೊಳ್ಳಬೇಕೆಂದರೆ ದಲ್ಲಾಳಿ ಸಾನಿಪಣ್ಣನ ಬೈಕಿನ ಹಿಂದೆ ಕೂರಲೇಬೇಕು. ಮರ್ಯಾದಸ್ಥ ಮನುಷ್ಯ, ನಮ್ಮಲ್ಲಿ ಒರಟುತನವೆನಿಸುವ ತೋರುಬೆರಳು ಚಾಚುವವನಲ್ಲ. ಯಾವ ಮನೆಯನ್ನಾದರೂ ಹೆಬ್ಬೆರಳಿನಿಂದಲೇ ತೋರಿಸುತ್ತಾನೆ. ಅವನ ಪ್ರಕಾರ ಎಲ್ಲ ಮನೆಯಿಂದಲೂ ಜಕಾರ್ತಾ ಅರ್ಧ ಗಂಟೆ. ಯಾವ ಹೊತ್ತಿನಲ್ಲಿ ಎಂದು ಮಾತ್ರ ಕೇಳಬಾರದು. ಗೋರಿಗಳ ಪಕ್ಕದ ಮನೆಯಾದರೆ, "ಇಂಥ ನೆರೆಹೊರೆ ಸಿಗೋಲ್ಲ ಸಾರ್, ಒಂದು ದಿನಾನೂ ಸಕ್ಕರೆ ಕೇಳ್ಕೊಂಡು ಬರೋಲ್ಲ" ಎನ್ನುತ್ತಾನೆ. ಗೋಡೆಯ ಮೇಲೆ ಪ್ರವಾಹದ ಗುರುತಿದ್ದರೆ, "ನೀರು ಬರೋದೇನೋ ನಿಜ, ಆದ್ರೆ ಉಳಿಯೋಲ್ಲ, ಒಳ್ಳೇ ನೆಂಟ" ಎನ್ನುತ್ತಾನೆ. ಇಂಥವನ ಬಾಯಿಯೂ ಸೋತದ್ದು ನಮ್ಮ ಓಣಿಯ ಕೊನೆಯಲ್ಲಿ, ವಿಧವೆ ರೊಹಾಯಕ್ಕನ ಮನೆಯ ಮುಂದೆ. ಕೆಂಡದ ಮೇಲೆ ಸುಡುವ ಸಾತೆಯ ಕಡ್ಡಿ ಮಾಂಸದ ತುಂಡಿಗೆ ಚುಚ್ಚಿದ ಹಾಗೆ ಓಣಿ ನೇರ ಹೋಗಿ ಅದರ ಬಾಗಿಲಿಗೇ ಚುಚ್ಚುತ್ತದೆ. ಅಂಥ ಮನೆ ಆಗಿಬರುವುದಿಲ್ಲವೆಂದು ನಮ್ಮವರು ಗೇಟಿನಿಂದಲೇ ತಿರುಗಿಬಿಡುತ್ತಾರೆ. "ಓಣಿಯವರೆಲ್ಲ ನೇರ ನಿಮ್ಮನೆಗೇ ಬರ್ತಾರೆ, ಇನ್ನೇನು ಬೇಕು?" ಎಂದು ಎರಡು ವರ್ಷ ಗಂಟಲು ಹರಿದುಕೊಂಡ. ಅತ್ತ ದೂರದ ಗಾರುತ್‌ನಲ್ಲಿ ಅಕ್ಕನ ಮಗಳು ತುಂಬು ಬಸುರಿ, ಇತ್ತ ಮನೆ ಮಾರದೆ ಅಕ್ಕ ಹೊರಡುವಂತಿಲ್ಲ. "ಗಿರಾಕಿ ಸಿಕ್ಕಿದಾನೆ ಅಕ್ಕ, ಬಾಯಿ ಸ್ವಲ್ಪ ಜಾಸ್ತಿ, ಮನುಷ್ಯ ಒಳ್ಳೆಯವನು" ಎಂದು ಒಂದು ದಿನ ಕ್ರಯಪತ್ರಕ್ಕೆ ನೋಟರಿಯ ಕಚೇರಿಗೆ ಕರೆದೊಯ್ದ. ಅಕ್ಕ ಗಿರಾಕಿಗಾಗಿ ಬಾಗಿಲ ಕಡೆ ನೋಡುತ್ತಿದ್ದಾಗ, ಕೊಳ್ಳುವವನಿಗೆಂದು ಇಟ್ಟಿದ್ದ ಎದುರಿನ ಖಾಲಿ ಕುರ್ಚಿಯಲ್ಲಿ ತಾನೇ ಹೋಗಿ ಕೂತ. ಈಗ ಸಂಜೆಯಾದರೆ ಓಣಿಯವರೆಲ್ಲ ಕಾಫಿಗೆ ನೇರ ಅವನ ಆ ಮನೆಗೇ ಹೋಗುತ್ತೇವೆ. ಮನೆಗಳ ಬಗ್ಗೆ ಅವನಾಡಿದ ಮಾತುಗಳಲ್ಲಿ ಅಕ್ಷರಶಃ ನಿಜವಾದದ್ದು ಅದೊಂದೇ.